ಕಟ್ಟಿಟ್ಟ ಎರಡು ತಲೆಬರಹ

ಹುಬ್ಬಳ್ಳಿಯ ತರುಣ ಪತ್ರಕರ್ತರು ಕೂಡಿ ಹೋದ ತಿಂಗಳು ನನಗೆ ಶಾಲು ಹೊದಿಸಿದರು, ಮಾಲೆ ಹಾಕಿದರು. ಒಬ್ಬರು ಎದ್ದು ನಿಂತು, "ಇಪ್ಪತ್ತೆರಡು ವರ್ಷ ಯಾರ ಮುಂದೆಯೂ ಬಾಗದ ಲೇಖಣಿ ಇದು" ಎಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ತಲೆ ತಗ್ಗಿಸಿ ಕೂತಿದ್ದೆ. "ಎಷ್ಟು ವಿನಯ ನೋಡ್ರಿ ಹಿರಿಯರದು" ಎಂದು ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ವಿನಯವೆಲ್ಲಿಯದು ಮಹಾರಾಯರೇ! ಅದು ನಾಚಿಕೆ. ವಿನಯಕ್ಕೂ ನಾಚಿಕೆಗೂ ಕತ್ತು ಒಂದೇ ಕಡೆಗೆ ಬಾಗುತ್ತದೆ, ನೋಡುವವರಿಗೆ ಭೇದ ತಿಳಿಯುವುದಿಲ್ಲ.

ಸಭೆ ಮುಗಿದ ಮೇಲೆ ಅದೇ ತರುಣರು, ನಿಮ್ಮ ಕೆಲಸದ ಅನುಭವ ಬರೆದುಕೊಡಿ, ಹೊಸದಾಗಿ ಈ ದಂಧೆಗೆ ಬರುವವರಿಗೆ ದಾರಿ ಕಂಡೀತು ಎಂದರು. ದಾರಿ ತೋರಿಸುವಷ್ಟು ದೊಡ್ಡವ ನಾನಲ್ಲ. ತಗ್ಗು ಎಲ್ಲಿದೆ ಎಂದು ತೋರಿಸಬಲ್ಲೆ, ಬಿದ್ದವ ನಾನೇ ಆದ್ದರಿಂದ. ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಆದರೆ ಬರೆಯುವ ಮೊದಲು ಒಂದು ಮನೆಗೆ ಹೋಗಿ ಬರಬೇಕಾಗಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮದು ನಾಲ್ಕು ಪುಟದ ವಾರಪತ್ರಿಕೆ. ಹೆಸರು ಬೇಡ. ಹುಬ್ಬಳ್ಳಿಯ ಹಿರಿಯರಿಗೆ ಗೊತ್ತೇ ಇದೆ, ಉಳಿದವರಿಗೆ ಗೊತ್ತಾಗಿ ಆಗಬೇಕಾದದ್ದೇನೂ ಇಲ್ಲ. ಗುರುವಾರ ಬೆಳಿಗ್ಗೆ ಹೊರಬೀಳುತ್ತಿತ್ತು. ಸಂಪಾದಕ ನಾನು, ವರದಿಗಾರ ನಾನು, ಕರಡು ತಿದ್ದುವವ ನಾನು, ಅಂಚೆಗೆ ಹೋಗುವ ಪ್ರತಿಗಳಿಗೆ ಕಾಗದದ ಪಟ್ಟಿ ಸುತ್ತಿ ಅಂಟು ಹಚ್ಚುವವನೂ ನಾನೇ. ಮೊಳೆ ಜೋಡಿಸುವುದಕ್ಕೆ ರುದ್ರಪ್ಪನವರಿದ್ದರು. ನನಗಿಂತ ಹತ್ತು ವರ್ಷ ಹಿರಿಯರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಅಚ್ಚಿನ ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ನಾವು ನೆಟ್ಟಗಿನ ಅಕ್ಷರ ಓದುವುದಕ್ಕಿಂತ ಬೇಗ ಅವರು ಅದನ್ನು ಓದುತ್ತಿದ್ದರು. ಬೈಗುಳ ತಿಂದರೆ ಉತ್ತರ ಕೊಡುತ್ತಿರಲಿಲ್ಲ, ಹೊರಗೆ ಹೋಗಿ ಎಲೆ ಉಗುಳಿ ಬರುತ್ತಿದ್ದರು. ಅವರು ಎದ್ದು ಹೊರಗೆ ಹೋದರೆಂದರೆ ನಾನು ಏನೋ ತಪ್ಪು ಮಾಡಿದೆನೆಂದು ಅರ್ಥ.

ಸುದ್ದಿ ಎಲ್ಲಿಂದ ಬರುತ್ತಿತ್ತು ಎಂದು ಕೇಳುತ್ತೀರಿ. ಮುಂಬಯಿಯ ಇಂಗ್ಲಿಷ್ ಪತ್ರಿಕೆ, ಪುಣೆಯ ಮರಾಠಿ ಪತ್ರಿಕೆ ರೈಲಿನಲ್ಲಿ ಬರುತ್ತಿದ್ದವು. ಕತ್ತರಿಸಿ, ಕನ್ನಡಕ್ಕಿಳಿಸಿ, ಮೇಲೆ "ನಮ್ಮ ವಿಶೇಷ ಬಾತ್ಮೀದಾರರಿಂದ" ಎಂದು ಹಾಕುತ್ತಿದ್ದೆ. ಆ ವಿಶೇಷ ಬಾತ್ಮೀದಾರ ಎಂದರೆ ನನ್ನ ಕತ್ತರಿ. ವಾಚಕರ ಪತ್ರಗಳದೂ ಅದೇ ಹಣೆಬರಹ. ಯಾರೂ ಬರೆಯುತ್ತಿರಲಿಲ್ಲ, ನಾನೇ ಬರೆದು "ಒಬ್ಬ ನೊಂದ ನಾಗರಿಕ" ಎಂದು ಸಹಿ ಹಾಕುತ್ತಿದ್ದೆ. ಒಮ್ಮೆ ಗಟಾರದ ನಾತದ ಬಗ್ಗೆ ನೊಂದ ನಾಗರಿಕ ಬರೆದ ಪತ್ರಕ್ಕೆ ಮರುವಾರ ಸಂಪಾದಕೀಯದಲ್ಲಿ ಉತ್ತರ ಕೊಟ್ಟು, "ಇಂಥ ಜಾಗೃತ ವಾಚಕರು ನಮ್ಮ ಭಾಗ್ಯ" ಎಂದೂ ಸೇರಿಸಿದೆ. ಮನೆಯಲ್ಲಿ ನನ್ನ ಹೆಂಡತಿ ಅದನ್ನು ಓದಿ, "ನಿಮ್ಮ ಬೆನ್ನ ನೀವ ಚಪ್ಪರಿಸಿಕೊಳ್ಳಿಕ್ಕೆ ಕೈ ಹೆಂಗ ಮುಟ್ಟತದ್ರಿ?" ಎಂದು ಕೇಳಿದಳು. ಆ ವಾರವೆಲ್ಲ ಆಕೆಯ ಮುಂದೆ ಪತ್ರಿಕೆಯ ಮಾತು ಎತ್ತಲಿಲ್ಲ.

ಇವೆಲ್ಲ ನಗುವ ತಪ್ಪುಗಳು. ಒಂದು ತಪ್ಪಿಗೆ ಊರೇ ನಕ್ಕಿತು. ಹತ್ತಿ ವ್ಯಾಪಾರದ ಶಿವಬಸಪ್ಪ ಶೆಟ್ಟರ ಅಂಗಡಿ ಒಂದು ಸೋಮವಾರ ಮುಚ್ಚಿತ್ತು. ಬಾಗಿಲ ಮುಂದೆ ಗುಮಾಸ್ತರು ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. ಹೋಗಿ ಕೇಳಿದ್ದರೆ ಎರಡು ಮಾತಿನ ಕೆಲಸ. ನಾನು ಟಾಂಗಾದಲ್ಲಿ ಕೂತೇ ನೋಡಿ, ಶೆಟ್ಟರು ತೀರಿಕೊಂಡರು ಎಂದು ತೀರ್ಮಾನಿಸಿ, ದಾನಶೂರರು ಹೋದರು ಎಂದು ಮರಣವಾರ್ತೆ ಬರೆದೆ. ತೀರಿಕೊಂಡವರು ಹಳ್ಳಿಯಲ್ಲಿದ್ದ ಅವರ ಅಣ್ಣ. ಗುರುವಾರ ಪತ್ರಿಕೆ ಹೊರಬಿತ್ತು, ಶುಕ್ರವಾರ ಶೆಟ್ಟರು ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ಕೂತರು.

"ಏನ್ರಿ ಸಂಪಾದಕರ, ಭಾಳ ಛಲೋ ಕಳಿಸಿಕೊಟ್ಟೀರಿ ನನ್ನ! ಐವತ್ತು ವರ್ಷ ಆತು, ಒಬ್ಬರೂ ನನಗ ದಾನಶೂರ ಅಂದಿದ್ದಿಲ್ಲ. ಇನ್ನ ಊರ ಮಂದಿ ಎಲ್ಲಾ ದಾನ ಕೇಳಾಕ ಬರ್ತಾರ. ಅದಕ್ಕೇನ್ ಮಾಡ್ಲಿ, ಹೇಳ್ರಿ?"

ನಾನು ಎದ್ದು ನಿಂತು ಕೈಮುಗಿದೆ. ಮರುವಾರ ಮೊದಲ ಪುಟದಲ್ಲಿ, ಸುತ್ತ ಚೌಕಟ್ಟು ಹಾಕಿ, ಅವರ ಪೂರ್ತಿ ಹೆಸರು ದಪ್ಪಕ್ಷರದಲ್ಲಿ ಕಟ್ಟಿಸಿ ಕ್ಷಮೆ ಕೇಳಿದೆ. ಊರಿನ ಇನ್ನೊಂದು ವಾರಪತ್ರಿಕೆಯವರು ಬಿಟ್ಟಾರೆಯೇ? "ಸತ್ತವರನ್ನು ಏಳು ದಿನದಲ್ಲಿ ಬದುಕಿಸುವ ಪತ್ರಿಕೆ" ಎಂದು ನಮ್ಮನ್ನು ಆಡಿಕೊಂಡರು. ಚಹದಂಗಡಿಗೆ ಹೋದರೆ ಅದೇ ಮಾತು. ನನ್ನದು ಮೊದಲೇ ಮೂಗಿನ ಮೇಲಿನ ಸಿಟ್ಟು. ಅಂದೇ ರುದ್ರಪ್ಪನವರ ಮುಂದೆ ಆಣೆ ಮಾಡಿದೆ: ಇನ್ನು ಈ ಪತ್ರಿಕೆಯಲ್ಲಿ ತಪ್ಪೊಪ್ಪಿಗೆ ಎಂಬುದು ಅಚ್ಚಾಗುವುದಿಲ್ಲ. ತಪ್ಪೇ ಮಾಡುವುದಿಲ್ಲ ಎಂದು ಆಣೆ ಮಾಡಬೇಕಾಗಿತ್ತು. ಮಾಡಿದ್ದು ಇನ್ನೊಂದು.

ಈಗ ನಿಜವಾದ ಸಂಗತಿಗೆ ಬರುತ್ತೇನೆ.

ನಮ್ಮ ಅಚ್ಚಿನ ಯಂತ್ರ ಕಾಲಿನಿಂದ ತುಳಿಯುವ ಟ್ರೆಡಲ್. ಎರಡನೆಯ ಕೈಯೋ ಮೂರನೆಯ ಕೈಯೋ ದಾಟಿ ನಮಗೆ ಬಂದ ಮುದುಕಿ. ಅದರ ಜಡ್ಡು ತಿಳಿದವರು ಊರಿಗೆ ಒಬ್ಬರೇ, ಇಮಾಮಸಾಬರು. ಬೈರಿದೇವರಕೊಪ್ಪದವರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳ ಯಂತ್ರ ರಿಪೇರಿ ಮಾಡುವುದು ಅವರ ಕಸುಬು. ಹೆಗಲಿಗೆ ಪಾನಾ, ಸುತ್ತಿಗೆಗಳ ಚೀಲ ಹಾಕಿಕೊಂಡು ಹಳ್ಳಿಯಿಂದ ನಡೆದೇ ಬರುತ್ತಿದ್ದರು. ನನ್ನ ವಯಸ್ಸಿನವರೇ. ಆದರೂ ನಾನು ಅವರನ್ನು "ನೀನು" ಎನ್ನುತ್ತಿದ್ದೆ, ಅವರು ನನ್ನನ್ನು "ರಾಯರ" ಎನ್ನುತ್ತಿದ್ದರು. ಯಂತ್ರದ ಅಡಿಯಲ್ಲಿ ಮಲಗಿಕೊಂಡೇ ನನ್ನ ಸಂಪಾದಕೀಯದ ಜೊತೆ ಜಗಳಕ್ಕಿಳಿಯುತ್ತಿದ್ದರು. ಆಮೇಲೆ ಚಹ. ಕಿಟಕಿಯ ಮೇಲೆ ಅವರಿಗೆಂದೇ ಬೇರೆ ಗ್ಲಾಸೊಂದು ಇಟ್ಟಿತ್ತು. ಅದೂ ನಾಚಿಕೆಯ ಮಾತೇ, ಆದರೆ ಆಗ ನನಗೆ ಹಾಗನ್ನಿಸಿರಲಿಲ್ಲ.

ಉಪ್ಪಿನ ಕಾಯ್ದೆ ಮುರಿಯುವ ಚಳುವಳಿ ಎದ್ದಾಗ ಇಮಾಮಸಾಬರು ಹೆಂಡದಂಗಡಿಯ ಮುಂದೆ ಅಡ್ಡ ಕೂತರು. ಆರು ತಿಂಗಳ ಸಜೆಯಾಯಿತು. ಅಲ್ಲಿ ಕೂರುವ ಹಿಂದಿನ ದಿನ ನಮ್ಮಲ್ಲಿಗೆ ಬಂದು ಟ್ರೆಡಲ್ಲಿಗೆಲ್ಲ ಎಣ್ಣೆ ಬಿಟ್ಟು, "ರಾಯರ, ನಾ ಹೊಳ್ಳಿ ಬರೂತನಕ ಇಕಿನ್ನ ಜ್ವಾಕಿಯಿಂದ ತುಳೀರಿ" ಎಂದು ಹೇಳಿ ಹೋಗಿದ್ದರು.

ಆ ದಿನಗಳಲ್ಲಿ ಜೈಲಿನಿಂದ ಬಂದವರ ಹೆಸರಿಗಾಗಿಯೇ ಜನ ಪತ್ರಿಕೆ ಕೊಳ್ಳುತ್ತಿದ್ದರು. ವಾರ ವಾರ ಪಟ್ಟಿ ಹಾಕುತ್ತಿದ್ದೆವು. ಪ್ರತಿ ವಾರ ಅದೇ ತಲೆಬರಹ ಮತ್ತೆ ಜೋಡಿಸುವುದೇಕೆಂದು ರುದ್ರಪ್ಪನವರ ಕೈಯಿಂದ ದಪ್ಪಕ್ಷರದಲ್ಲಿ ಎರಡು ತಲೆಬರಹ ಕಟ್ಟಿಸಿ, ದಾರ ಸುತ್ತಿ ಇಡಿಸಿದ್ದೆ. ಒಂದು, "ಶಿಕ್ಷೆ ಮುಗಿಸಿ ಬಂದ ವೀರರು". ಇನ್ನೊಂದು, "ಮಾಫಿ ಬರೆದುಕೊಟ್ಟು ಬಂದವರು". ತಪ್ಪಾಯಿತೆಂದು ಕ್ಷಮೆ ಬೇಡಿ ಬರೆದುಕೊಟ್ಟವರನ್ನು ಸರಕಾರ ಅವಧಿಗೆ ಮುಂಚೆ ಬಿಡುತ್ತಿತ್ತು. ಅವಧಿ ತುಂಬಿಸಿ ಬಂದವರ ಹೆಸರು ಮೊದಲನೆಯದರ ಕೆಳಗೆ, ಅವಧಿಗೆ ಮುಂಚೆ ಬಂದವರ ಹೆಸರು ಎರಡನೆಯದರ ಕೆಳಗೆ. ಲೆಕ್ಕ ಸುಲಭ. ಮೂರನೆಯ ತರಹದವರೂ ಇರಬಹುದೆಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಅದಕ್ಕೆ ಕಟ್ಟಿಟ್ಟ ತಲೆಬರಹ ಇರಲಿಲ್ಲ.

ಇಮಾಮಸಾಬರು ಎರಡು ತಿಂಗಳಿಗೇ ಊರಿಗೆ ಬಂದರು ಎಂಬ ಸುದ್ದಿ ಬುಧವಾರ ಮಧ್ಯಾಹ್ನ ಬಂತು. ನಾನು ಹೆಸರು ಬರೆದು ಚೀಟಿ ಕೊಟ್ಟೆ. ರುದ್ರಪ್ಪನವರು ಚೀಟಿ ಹಿಡಿದುಕೊಂಡೇ ನಿಂತರು.

"ರಾಯರ, ನಮ್ಮ ಇಮಾಮಸಾಬ ಮಾಫಿ ಬರಿಯೂ ಪೈಕಿ ಅಲ್ರಿ. ಒಮ್ಮೆ ಕೇಳಿ ನೋಡೂಣೇನು? ಬೈರಿದೇವರಕೊಪ್ಪ ಏನ್ ದೂರ ಐತಿ?"

"ಆರು ತಿಂಗಳ ಸಜಾ, ಎರಡು ತಿಂಗಳಿಗೆ ಮನಿಗೆ ಬಂದಾನ. ಇದರಾಗ ಕೇಳೂದೇನ ಬಂತು? ಜೋಡಸ್ರಿ ಲಗೂನ, ಹೊತ್ತಾತು."

ರುದ್ರಪ್ಪನವರು ಹೊರಗೆ ಹೋಗಿ ಎಲೆ ಉಗುಳಿ ಬಂದರು. ಆಮೇಲೆ ಜೋಡಿಸಿದರು. ಆ ವಾರ ಎರಡನೆಯ ತಲೆಬರಹದ ಕೆಳಗೆ ಇದ್ದದ್ದು ಅದೊಂದೇ ಹೆಸರು. ಹೀಗಾಗಿ ಎದ್ದು ಕಾಣುತ್ತಿತ್ತು.

ಹತ್ತು ದಿನ ಬಿಟ್ಟು ಇಮಾಮಸಾಬರು ಬಂದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತವರನ್ನು ನಾನು ಗುರುತಿಸಲಿಲ್ಲ. ಕೆನ್ನೆ ಒಳಗೆ ಹೋಗಿದ್ದವು, ಅಂಗಿ ಬೇರೆಯವರದೆಂಬಂತೆ ಜೋತಾಡುತ್ತಿತ್ತು. ಕೂತು, ಉಸಿರು ಕೂಡಿಸಿಕೊಂಡು ಮಾತಾಡಿದರು.

"ರಾಯರ, ನನಗ ಒಳಗ ಜ್ವರ ಬಂದು ಎಚ್ಚರ ತಪ್ಪಿತ್ರಿ. ಡಾಕ್ಟರು, ಇಂವ ಇಲ್ಲೇ ಸಾಯ್ತಾನ, ಮನಿಗೆ ಕಳಸ್ರಿ ಅಂತ ಬರದ್ರು. ಹೊತಗೊಂಡು ತಂದು ಬಂಡ್ಯಾಗ ಹಾಕ್ಯಾರ. ಅದಕ್ಕ ಮೊದ್ಲ ಎರಡು ಸಲ ಮಾಫಿ ಕಾಗದ ಮುಂದ ಹಿಡಿದ್ರು. ಓದಿ ನೋಡಿದೆ, ಬ್ಯಾಡ ಅಂದೆ. ಡಾಕ್ಟರ ಚೀಟಿ ತಂದೇನಿ, ನೋಡ್ರಿ."

ಚೀಟಿ ನೋಡಿದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. 

"ಏನ್ ಮಾಡಬೇಕಂತೀ ಈಗ?" ಎಂದೆ. ಕೇಳಬೇಕಾದ ಪ್ರಶ್ನೆಯೇ ಅದು?

"ಮತ್ತೇನಿಲ್ರಿ. ಅದ ಜಾಗಾದಾಗ, ಅಷ್ಟ ದೊಡ್ಡ ಅಕ್ಷರದಾಗ, ಇಮಾಮಸಾಬ ಮಾಫಿ ಬರದಿಲ್ಲ ಅಂತ ಹಾಕ್ರಿ. ಮನಿ ಮುಂದ ಹುಡುಗೂರು ಒದರಾಕತ್ತಾವ. ಸಲಾಂ ಮಾಡಿದ್ರ ಮಂದಿ ಹೊಳ್ಳಿ ನೋಡವಲ್ರು."

"ನೋಡೂಣ" ಎಂದೆ. ತರುಣರೇ, ನಮ್ಮ ದಂಧೆಯಲ್ಲಿ ಇದಕ್ಕಿಂತ ಹೊಲಸು ಶಬ್ದ ಇನ್ನೊಂದಿಲ್ಲ. ಇಲ್ಲ ಎಂದರೆ ಮನುಷ್ಯ ಜಗಳಾಡುತ್ತಾನೆ. ನೋಡೋಣ ಎಂದರೆ ಕೈಮುಗಿದು ಹೋಗುತ್ತಾನೆ. ಇಮಾಮಸಾಬರೂ ಕೈಮುಗಿದು ಹೋದರು.

ಎರಡು ವಾರ ಸುಮ್ಮನಿದ್ದೆ. ಆಣೆ ನೆನಪಿತ್ತು, ಇನ್ನೊಂದು ಪತ್ರಿಕೆಯವರ ನಗು ನೆನಪಿತ್ತು. ನಿಜ ಹೇಳಬೇಕೆಂದರೆ, ಶೆಟ್ಟರಂತೆ ಇವರು ಬಂದು ನನ್ನ ಮುಂದೆ ಗದರುವವರಲ್ಲ ಎಂಬುದೂ ಗೊತ್ತಿತ್ತು. ಹತ್ತಿ ವ್ಯಾಪಾರಿಗೆ ಮೊದಲ ಪುಟದ ಚೌಕಟ್ಟು, ಜಿನ್ನು ರಿಪೇರಿಯವನಿಗೆ ನೋಡೋಣ. ಮೂರನೆಯ ವಾರ ಮನಸ್ಸು ಚುಚ್ಚಿ, ಒಂದು ಉಪಾಯ ಹೂಡಿದೆ. ಕೊನೆಯ ಪುಟದಲ್ಲಿ ಹತ್ತಿ ಪೇಟೆಯ ಧಾರಣೆಯ ಕೆಳಗೆ, ನಮ್ಮಲ್ಲಿದ್ದ ಅತಿ ಸಣ್ಣ ಮೊಳೆಯಲ್ಲಿ ಎರಡು ಸಾಲು: "ಹಿಂದಿನ ಸಂಚಿಕೆಯೊಂದರ ಪಟ್ಟಿಯಲ್ಲಿ ಒಂದು ಹೆಸರು ಸ್ಥಾನ ತಪ್ಪಿ ಬಂದಿತ್ತು. ವಾಚಕರು ಸರಿಪಡಿಸಿಕೊಳ್ಳಬೇಕು."

ರುದ್ರಪ್ಪನವರು ಚೀಟಿಯನ್ನು ಹೊರಳಿಸಿ ಹಿಂದೆಯೂ ನೋಡಿದರು.

"ಹೆಸರ ಬರದಿಲ್ಲಲ್ರಿ ರಾಯರ?"

"ತಿಳಿಯೋರಿಗೆ ತಿಳೀತದ."

"ತಿಳಿದವರಿಗೆ ಮೊದ್ಲ ತಿಳದೈತಿ. ತಿಳೀದವರಿಗೆ ಹೆಂಗ ತಿಳಿಬೇಕ್ರಿ?"

ಗದರಿದೆ. ಅವರು ಹೊರಗೆ ಹೋದರು. ಅಂದು ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ಎರಡು ಸಾಲು ಓದಿದವರು ಯಾರೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಚ್ಚಾದ ಮಾತು ಹೋಗುವುದೂ ಇಲ್ಲ, ಊರಲ್ಲೇ ಮನೆ ಮಾಡುತ್ತದೆ. ಬೈರಿದೇವರಕೊಪ್ಪದಿಂದ ಬೆಂಗೇರಿಯವರೆಗೆ ಇಮಾಮಸಾಬರಿಗೆ "ಮಾಫಿಸಾಬ" ಎಂಬ ಹೆಸರು ಬಿತ್ತು. ಅಡ್ಡಹೆಸರು ಇಡುವುದರಲ್ಲಿ ನಮ್ಮ ಕಡೆಯ ಮಂದಿ ಎಂಥ ಜಾಣರೆಂದು ನಿಮಗೆ ಹೇಳಬೇಕಾಗಿಲ್ಲ. ಮೊದಲು ಹುಡುಗರು ಚೇಷ್ಟೆಗೆ ಕೂಗಿದರು, ಆಮೇಲೆ ದೊಡ್ಡವರು ಸಿಟ್ಟಿನಿಂದ ಅಂದರು, ಆಮೇಲೆ ಎಲ್ಲರೂ ರೂಢಿಯಿಂದ ಅಂದರು. ಚಳುವಳಿಯ ಕಡೆಗಿದ್ದ ಎರಡು ಜಿನ್ನಿನ ಮಾಲೀಕರು ಅವರನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟರು.

ನಮ್ಮ ಟ್ರೆಡಲ್ ಕೆಟ್ಟಾಗ ಮಾತ್ರ ಹೇಳಿ ಕಳಿಸಿದರೆ ಬರುತ್ತಿದ್ದರು. ನಾನು ಅವರ ಹೆಸರು ಕೆಡಿಸಿದ್ದೆ, ಯಂತ್ರ ಅವರಿಗೆ ಏನೂ ಮಾಡಿರಲಿಲ್ಲ. ಬಂದು ಅಡಿಯಲ್ಲಿ ಮಲಗಿ ಕೆಲಸ ಮುಗಿಸಿ ಏಳುತ್ತಿದ್ದರು. ಸಂಪಾದಕೀಯದ ಬಗ್ಗೆ ಒಂದು ಮಾತಿಲ್ಲ. ಚಹ ತರಿಸಲೇ ಎಂದರೆ, "ಬ್ಯಾಡ್ರಿ, ರೋಜಾ ಐತಿ" ಎನ್ನುತ್ತಿದ್ದರು. ರಂಜಾನ್ ತಿಂಗಳಲ್ಲಿ ಉಪವಾಸ ಸರಿ. ಯುಗಾದಿಗೆ ಬಂದಾಗಲೂ ರೋಜಾ, ದೀಪಾವಳಿಗೆ ಬಂದಾಗಲೂ ರೋಜಾ. ಹೀಗೆ ಹನ್ನೊಂದೋ ಹನ್ನೆರಡೋ ವರ್ಷ ನನ್ನ ಬಾಗಿಲಲ್ಲಿ ಅವರಿಗೆ ಹನ್ನೆರಡೂ ತಿಂಗಳು ರೋಜಾ ಇತ್ತು. ನಾನೂ ಕೇಳುವುದು ಬಿಡಲಿಲ್ಲ. ಒಂದು ದಿನ ಹೂಂ ಅಂದಾರು ಎಂಬ ಆಸೆ.

ನಡುವೆ ಕೆಲಸದ ರೀತಿ ಬದಲಾಯಿತು. ರೇಡಿಯೋ ಬಂತು. ಕತ್ತರಿಯ ಜಾಗದಲ್ಲಿ ನಾನು ಕಿವಿಗೆ ಕೈ ಹಚ್ಚಿಕೊಂಡು ಗರಗರ ಸದ್ದಿನಲ್ಲಿ ಯುದ್ಧದ ಸುದ್ದಿ ಹೆಕ್ಕುತ್ತಿದ್ದೆ. ಯುದ್ಧದಿಂದ ಕಾಗದ ಸಿಗದಾಗಿ ನಾಲ್ಕು ಪುಟ ಎರಡಾದವು. ಕೇಳಿ ಬರೆಯುವುದನ್ನು ಸಹ ತಡವಾಗಿ ಕಲಿತೆ. ಯಾರ ಹೆಸರು ಅಚ್ಚು ಹಾಕಬೇಕಾದರೂ ಅವರ ಮನೆ ಬಾಗಿಲಿಗೆ ಹೋಗಿ ಕೇಳಿ ಬರುತ್ತಿದ್ದೆ. ಸಂಪಾದಕರು ಎಷ್ಟು ಎಚ್ಚರದವರು ಎಂದು ಜನ ಹೊಗಳಿದರು. ಅಟ್ಟ ಮೇಲೆ ಒಲೆ ಉರಿದಿತ್ತು.

ಆಮೇಲೆ ಬ್ರಿಟಿಷರೇ ತೊಲಗಿ ಎಂಬ ಚಳುವಳಿ. ರೈಲು ಹಳಿ ಕಿತ್ತವರನ್ನು ಹೊಗಳಿ ನಾನೊಂದು ಲೇಖನ ಬರೆದೆ. ಭಾಳ ಆವೇಶದ ಲೇಖನ. ಆ ಸಂಚಿಕೆ ಕೈಯಿಂದ ಕೈಗೆ ಹೋಗಿ ಹರಿದು ಚಿಂದಿಯಾಯಿತು. ನಾನು ನಾಲ್ಕು ದಿನ ಎದೆ ಉಬ್ಬಿಸಿಕೊಂಡು ಓಡಾಡಿದೆ. ಐದನೆಯ ದಿನ ಮಧ್ಯಾಹ್ನ ಒಬ್ಬ ಸರಕಾರಿ ಅಧಿಕಾರಿ, ಇಬ್ಬರು ಪೊಲೀಸರು ಮುದ್ರಣಾಲಯಕ್ಕೆ ಬಂದರು. ರುದ್ರಪ್ಪನವರು ಊಟಕ್ಕೆ ಹೋಗಿದ್ದರು. ಅಧಿಕಾರಿ ನಮ್ಮ ಕಡೆಯವನೇ, ಮಾತು ಮೆತ್ತಗೆ.

"ರಾಯರ, ಎರಡು ದಾರಿ ಅವ. ಈ ಕಾಗದಕ್ಕ ಸಹಿ ಮಾಡ್ರಿ, ಇಲ್ಲಾ ಪ್ರೆಸ್ಸಿಗೆ ಕೀಲಿ ಹಾಕ್ತೇವಿ, ನೀವು ನಮ್ಮ ಜೋಡಿ ಬರ್ರಿ."

ಕಾಗದದಲ್ಲಿ ಬರೆದಿತ್ತು: ಆ ಲೇಖನ ಬರೆದದ್ದು ತಪ್ಪು, ಅದಕ್ಕೆ ಮಾಫಿ ಬೇಡುತ್ತೇನೆ, ಇನ್ನು ಚಳುವಳಿಯ ಸುದ್ದಿ ಅಚ್ಚು ಹಾಕುವುದಿಲ್ಲ. ಸಹಿ ಮಾಡಿದೆ. ಪತ್ರಿಕೆ ಉಳಿಯಲೆಂದು ಮಾಡಿದೆ, ರುದ್ರಪ್ಪನವರ ಹೊಟ್ಟೆಪಾಡಿಗಾಗಿ ಮಾಡಿದೆ ಎಂದು ಆಮೇಲೆ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಹೆದರಿ ಮಾಡಿದೆ. ನನಗೆ ಜ್ವರ ಇರಲಿಲ್ಲ, ನಾನು ಜೈಲಿನ ಬಾಗಿಲು ಕೂಡ ಕಂಡಿರಲಿಲ್ಲ. ಕಾಗದ ಮುಂದಿಟ್ಟು ವೀಳ್ಯ ಮಡಚುವಷ್ಟು ಹೊತ್ತಿನಲ್ಲಿ ಸಹಿ ಮಾಡಿದ್ದೆ.

"ಸಾಕ್ಷಿಗೆ ಒಬ್ಬರು ಬೇಕಲ್ಲ" ಎಂದು ಅಧಿಕಾರಿ ಸುತ್ತಮುತ್ತ ನೋಡಿದ. "ಆ ಮಷೀನ್ ಬುಡಕ ಯಾರದು? ಏ, ಸಹಿ ಮಾಡಾಕ ಬರ್ತೈತೇನು?"

ಟ್ರೆಡಲ್ಲಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು. ಬೆಳಗಿನಿಂದ ರಿಪೇರಿಗೆ ಬಂದಿದ್ದ ಇಮಾಮಸಾಬರು ಅಲ್ಲಿಯೇ ಮಲಗಿ ಎಲ್ಲವನ್ನೂ ಕೇಳಿದ್ದರು. ಎದ್ದು ಬಂದರು. ಚಿಂದಿ ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಓದ್ಲಾರದ ಸಹಿ ಮಾಡೂದಿಲ್ರಿ ಸಾಹೇಬ್ರ" ಎಂದರು.

ಓದಿದರು. ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸುತ್ತ, ಮೇಲಿನಿಂದ ಕೆಳತನಕ. ಮಾಫಿ ಎಂಬಲ್ಲಿಗೆ ಬಂದಾಗ ಅವರ ತುಟಿಯನ್ನೇ ನೋಡುತ್ತಿದ್ದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವರು ನನ್ನ ಕಡೆ ನೋಡಲಿಲ್ಲ. ನನ್ನ ಸಹಿಯ ಕೆಳಗೆ ತಮ್ಮ ಹೆಸರು ಬರೆದರು, ಪೂರ್ತಿ ಹೆಸರು, ದುಂಡಗೆ.

ಅವರೆಲ್ಲ ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ. ಈಗ ಅಂದಾರು, ಈಗ ಉಗುಳಿಯಾರು ಎಂದು ಕಾದೆ. ಅನ್ನಲಿ ಎಂದೇ ಕಾದೆ. ಅವರು ಪಾನಾ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, "ಚಾಲೂ ಆತ್ರಿ, ಒಮ್ಮೆ ತುಳದು ನೋಡ್ರಿ" ಎಂದರು. ತುಳಿಯಲು ಹೋಗಿ ಎರಡು ಸಲ ತುಳಿಹಲಗೆ ತಪ್ಪಿದೆ. ಅದನ್ನು ನೋಡಿದರೋ ಏನೋ, ಚೀಲ ಕೆಳಗಿಟ್ಟು ಗೋಡೆಗೆ ಒರಗಿ ಕೂತರು.

"ರಾಯರ, ಚಹಾ ತರಸ್ರಿ."

"ಇವತ್ತ ರೋಜಾ ಇಲ್ಲೇನು?"

"ಇವತ್ತ ಇಲ್ರಿ."

ಕಿಟಕಿಯ ಮೇಲೆ ಅವರ ಗ್ಲಾಸು ಹುಡುಕಿದೆ. ಹನ್ನೆರಡು ವರ್ಷ ಯಾರೂ ಮುಟ್ಟದ ಗ್ಲಾಸು ಎಲ್ಲಿರಬೇಕು? ಒಡೆದುಹೋಗಿತ್ತೋ ಏನೋ. ನನ್ನ ಗ್ಲಾಸನ್ನೇ ತೊಳೆದು ಕೊಟ್ಟೆ. ಇಬ್ಬರೂ ಚಹ ಕುಡಿದೆವು. ಅವರು ಹೋದ ಮೇಲೆ ನಾನು ಅತ್ತೆ.

ಆ ಮಾತು ಇಮಾಮಸಾಬರ ಬಾಯಿಂದ ಹೊರಗೆ ಬೀಳಲಿಲ್ಲ. ಒಂದು ವರ್ಷ ಹೆದರಿಕೊಂಡಿದ್ದೆ. ರಸ್ತೆಯಲ್ಲಿ ಯಾರಾದರೂ ನಕ್ಕರೆ ನನಗೇ ನಕ್ಕರೆಂದು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎರಡನೆಯ ವರ್ಷ ಹೆದರಿಕೆ ಹೋಯಿತು. ಮೂರನೆಯ ವರ್ಷ ನಾನೇ ಮರೆತಂತೆ ಇದ್ದೆ. ಸ್ವಾತಂತ್ರ್ಯ ಬಂತು, ಪತ್ರಿಕೆಯನ್ನು ಕಿರಿಯರ ಕೈಗೊಪ್ಪಿಸಿದೆ, ಶಾಲು ಬಂತು. ಮಾಫಿ ಬರೆಯದವರಿಗೆ ಮಾಫಿಸಾಬ ಎಂಬ ಹೆಸರು, ಬರೆದವನಿಗೆ ಬಾಗದ ಲೇಖಣಿ ಎಂಬ ಹೆಸರು. ಎರಡನ್ನೂ ಕೊಟ್ಟದ್ದು ಇದೇ ಹುಬ್ಬಳ್ಳಿ, ಎರಡೂ ಹುಟ್ಟಿದ್ದು ನನ್ನ ಮೇಜಿನ ಮೇಲೆ.

ಶಾಲು ಹೊದ್ದ ನಾಲ್ಕನೆಯ ದಿನ ಬೈರಿದೇವರಕೊಪ್ಪಕ್ಕೆ ಹೋದೆ. ಅವರ ಮನೆಗೆ ನಾನು ಅದುವರೆಗೆ ಹೋಗಿಯೇ ಇರಲಿಲ್ಲ. ಊರ ಅಗಸಿಬಾಗಿಲ ಹತ್ತಿರ ಕಿರಾಣಿ ಅಂಗಡಿಯವನನ್ನು, "ಇಮಾಮಸಾಬರ ಮನಿ ಎಲ್ಲಿ?" ಎಂದು ಕೇಳಿದೆ.

"ಯಾವ ಇಮಾಮಸಾಬ್ರಿ? ನಾಕು ಮಂದಿ ಅದಾರ."

"ಜಿನ್ನಿನ ಮಷೀನ್ ರಿಪೇರಿ ಮಾಡ್ತಿದ್ರಲ್ಲ, ವಯಸ್ಸಾದವರು."

ಅವನು ಪಕ್ಕದವನನ್ನು ಕೇಳಿದ, ಪಕ್ಕದವ ತಲೆ ಕೆರೆದುಕೊಂಡ. ಆ ಇನ್ನೊಂದು ಹೆಸರು ನನ್ನ ನಾಲಿಗೆಯ ಮೇಲೆ ಬಂದು ನಿಂತಿತ್ತು. ಹೇಳಬಾರದೆಂದು ಇನ್ನಿಬ್ಬರನ್ನು ಕೇಳಿದೆ. ಗೊತ್ತಾಗಲಿಲ್ಲ. ಬಿಸಿಲು ಏರುತ್ತಿತ್ತು. ಕೊನೆಗೆ ಅಂಗಡಿಯವನ ಹತ್ತಿರ ಹೋಗಿ ಸಣ್ಣ ದನಿಯಲ್ಲಿ, "ಮಾಫಿಸಾಬ..." ಎಂದೆ.

"ಹಾಂ! ಹಂಗನ್ರಿ ಮತ್ತ! ಅಕಾ, ಆ ಬೇವಿನ ಗಿಡದ ಮಗ್ಗಲ ಮನಿ."

ಇಮಾಮಸಾಬರು ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಮಂಜಾಗಿವೆ, ದನಿಯಿಂದ ಗುರುತು ಹಿಡಿದರು. "ಬರ್ರಿ ರಾಯರ, ಬರ್ರಿ. ಟ್ರೆಡಲ್ ಹೆಂಗ ಐತಿ?" ಎಂದರು. ಅವರ ಎರಡೂ ಕೈ ಹಿಡಿದುಕೊಂಡೆ.

"ಇಮಾಮಸಾಬರ, ನಾ ನಿಮಗ ಭಾಳ ಅನ್ಯಾಯ ಮಾಡೇನಿ. ನನ್ನ..." ಎಂದು ಅಲ್ಲಿಗೇ ನಿಂತೆ. ಮುಂದಿನ ಶಬ್ದ ಯಾವುದೆಂದು ನಿಮಗೆ ಗೊತ್ತು. ಅವರ ಮನೆಯ ಕಟ್ಟೆಯ ಮೇಲೆ ಕೂತು ಆ ಶಬ್ದವನ್ನು ನಾನು ಯಾವ ಬಾಯಿಂದ ಆಡಲಿ?

ಅವರು ನಕ್ಕರು. "ಏನ್ರಿ ಇದು, ಇಷ್ಟು ವರ್ಷಕ್ಕ ನೀವು ಗೀವು ಅನ್ನಾಕತ್ತೀರಿ? ಬಿಡ್ರಿ. ನಂದು ಮುಗದೈತಿ. ನನಗ ಯಾರರೆ ಹಂಗ ಕರದ್ರ ಸಿಟ್ಟ ಸೈತ ಬರೂದಿಲ್ಲ ಈಗ. ಆದ್ರ..." ಎಂದು ಒಳಗೆ ಕೂಗಿದರು. "ಫಾತಿಮಾ, ಬಾ ಇಲ್ಲೆ. ಅಜ್ಜಾರಿಗೆ ನಿನ್ನ ಹೆಸರು ಹೇಳು."

ಆರು ವರ್ಷದ ಮೊಮ್ಮಗಳು ಪಾಟಿ ಹಿಡಿದುಕೊಂಡೇ ಓಡಿ ಬಂದಳು. ಪಾಟಿ ಕೆಳಗಿಟ್ಟು, ಕೈಕಟ್ಟಿ ನೆಟ್ಟಗೆ ನಿಂತು, ಸಾಲಿಯಲ್ಲಿ ಕಲಿಸಿದಂತೆ ಒಂದೇ ಉಸಿರಿಗೆ ಹೇಳಿದಳು: "ನನ್ನ ಹೆಸರು ಫಾತಿಮಾ ಹಜರತಸಾಬ ಮಾಫಿ."

"ಸಾಲಿಗೆ ಹಚ್ಚೂ ಮುಂದ ಮಾಸ್ತರು ಅಡ್ಡಹೆಸರು ಕೇಳ್ಯಾರ" ಎಂದರು ಇಮಾಮಸಾಬರು. "ನನ್ನ ಮಗ ಅದನ್ನ ಹೇಳ್ಯಾನ. ಅವನರೆ ಮತ್ತೇನ್ ಹೇಳ್ಯಾನು, ಸಣ್ಣಾಂವ ಇದ್ದಾಗಿಂದ ಅದನ್ನ ಕೇಳಿ ಬೆಳದಾನ. ಈಗ ಹಾಜರಿ ಪಟದಾಗ ಬರದಾರ. ಆ ಕೂಸು ಏನ್ ಮಾಡೇತ್ರಿ ರಾಯರ?"

ನಾನು ಸಾಲಿಗೆ ಹೋಗಿ ತಿದ್ದಿಸಿ ಬರುತ್ತೇನೆ ಎಂದೆ. ಸಾಲಿಯ ಪಟದಲ್ಲಿ ತಿದ್ದಿದರೆ ಊರ ಬಾಯಲ್ಲಿ ತಿದ್ದಿದಂತಾಯಿತೇ ಎಂದು ಅವರು ಕೇಳಿದರು. "ನೀವು ಬರದಿದ್ದು. ನೀವ ಬರೀರಿ. ಈ ಸಲ ಹೆಸರು ಹಾಕಿ ಬರೀರಿ. ನಾ ಜೀವಂತ ಇದ್ದಾಗ ಬರೀರಿ."

ಬರೆಯುತ್ತಿದ್ದೇನೆ. ಬೈರಿದೇವರಕೊಪ್ಪದ ಇಮಾಮಸಾಬರು ಮಾಫಿ ಬರೆದುಕೊಡಲಿಲ್ಲ. ಎರಡು ಸಲ ಕಾಗದ ಮುಂದೆ ಹಿಡಿದಾಗ ಎರಡು ಸಲವೂ ಬೇಡವೆಂದರು. ಸಾಯಲೆಂದು ಮನೆಗೆ ಕಳಿಸಿದ್ದರೂ ದೇವರ ದಯೆಯಿಂದ ಬದುಕಿದರು. ಮಾಫಿ ಬರೆದುಕೊಟ್ಟವ ನಾನು, ಅದಕ್ಕೆ ಸಾಕ್ಷಿ ಅವರು. ಇದನ್ನು ಅಚ್ಚು ಹಾಕುವ ತರುಣರು ಈ ಸಾಲುಗಳನ್ನು ದಪ್ಪಕ್ಷರದಲ್ಲಿಯೇ ಹಾಕಬೇಕು.

ಹೊರಡಲು ಎದ್ದಾಗ ಆ ಹುಡುಗಿ ನನ್ನ ಧೋತರದ ಚುಂಗು ಹಿಡಿದು ಎಳೆದಳು. ಅಷ್ಟರಲ್ಲಿ ಪಾಟಿಯ ತುಂಬ ದೊಡ್ಡ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದಿದ್ದಳು.

"ಅಜ್ಜಾರ, ತಪ್ಪು ಐತೇನು ನೋಡ್ರಿ."

ಕನ್ನಡಕ ಹಾಕಿಕೊಂಡು ನೋಡಿದೆ. ಇಪ್ಪತ್ತೆರಡು ವರ್ಷ ಮಂದಿಯ ಅಕ್ಷರ ತಿದ್ದಿ ಹೊಟ್ಟೆ ಹೊರೆದವ ನಾನು. ದೀರ್ಘ, ಗುಡಿಸು, ಮಹಾಪ್ರಾಣ, ಎಲ್ಲ ಸರಿಯಾಗಿದ್ದವು. ಕೊನೆಯ ಎರಡಕ್ಷರವನ್ನು ಎಲ್ಲಕ್ಕಿಂತ ದುಂಡಗೆ ಬರೆದಿದ್ದಳು, ಅಜ್ಜನ ಸಹಿಯ ಹಾಗೆಯೇ.

"ತಪ್ಪಿಲ್ಲವ್ವಾ" ಎಂದೆ. "ಛಲೋ ಬರದೀ."